ತಲೆ ತಗ್ಗಿಸಿ ನೋಡುವ ಕ್ಯಾಮೆರಾ

ಆ ಕ್ಯಾಮೆರಾಗೆ ಎರಡು ಕಣ್ಣು, ಒಂದರ ಕೆಳಗೊಂದು. ಮೇಲಿನದು ನಾವು ನೋಡುವುದಕ್ಕೆ, ಕೆಳಗಿನದು ಫಿಲ್ಮು ನೋಡುವುದಕ್ಕೆ. ಅದನ್ನು ಮುಖಕ್ಕೆ ಹಿಡಿದು ನೋಡುವ ಹಾಗಿಲ್ಲ. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಹೊಟ್ಟೆಗೆ ಆನಿಸಿ, ಮೇಲಿನ ಮುಚ್ಚಳ ತೆರೆದು, ಬಾವಿಯೊಳಗೆ ಬಗ್ಗಿ ನೋಡುವವರ ಹಾಗೆ ತಲೆ ತಗ್ಗಿಸಬೇಕು. ಒಳಗಿನ ಮಸುಕು ಗಾಜಿನ ಮೇಲೆ ಎದುರಿಗಿರುವುದೆಲ್ಲ ಚೌಕವಾಗಿ ಮೂಡುತ್ತದೆ, ಆದರೆ ಎಡಬಲ ಅದಲುಬದಲಾಗಿ. ಮೊಬೈಲಿನಲ್ಲಿ ಕಂಡಕಂಡದ್ದನ್ನೆಲ್ಲ ತೆಗೆದು ಒಂದನ್ನೂ ತಿರುಗಿ ನೋಡದ ನನ್ನಂಥವಳ ಕೈಗೆ ಇಂಥದ್ದು ಬಂದದ್ದೇ ಒಂದು ತಮಾಷೆ.

ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಪರೀಕ್ಷೆಯ ಕೆಲಸಕ್ಕೆಂದು ಚಿಂತಾಮಣಿಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಹಳೆಯ ಫೋಟೋ ಸ್ಟುಡಿಯೋ ಒಂದನ್ನು ಖಾಲಿ ಮಾಡುತ್ತಿದ್ದರು. ಅದರ ಮಾಲೀಕರು, ಎಪ್ಪತ್ತು ದಾಟಿದವರು, ಬೆಟ್ಟ ಜಲಪಾತಗಳ ಪರದೆಗಳನ್ನು ಸುರುಳಿ ಸುತ್ತಿ ಆಟೋಗೆ ತುಂಬಿಸುತ್ತಿದ್ದರು. ಮೇಜಿನ ಮೇಲೆ ಈ ಎರಡು ಕಣ್ಣಿನ ಪೆಟ್ಟಿಗೆ ಒಂಟಿಯಾಗಿ ಕೂತಿತ್ತು. ಕೈಗೆತ್ತಿಕೊಂಡು ಕೇಳಿದೆ.

"ಷೋಕೇಸಿಗೇನಮ್ಮಾ? ಷೋಕೇಸಿಗಾದ್ರೆ ಕೊಡಲ್ಲ ನೋಡು. ಕಲಿಯೋದಾದ್ರೆ ತಗೊಂಡ್ಹೋಗು" ಎಂದರು.

"ಕಲೀತೀನಿ" ಎಂದುಬಿಟ್ಟೆ. ಯಾರಾದರೂ ನಿನ್ನ ಕೈಯಲ್ಲಾಗದು ಎನ್ನುವ ಧಾಟಿಯಲ್ಲಿ ಮಾತಾಡಿದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಮನೆಯವರು ಇದನ್ನು ಅರಿತು, ಬೇಕಾದಾಗ ಕೆಣಕಿ, ನನ್ನಿಂದ ಕೆಲಸ ತೆಗೆಯುವುದೂ ಉಂಟು. ಆ ಮುದುಕರಿಗೂ ಅದು ಹೇಗೋ ಗೊತ್ತಾಗಿರಬೇಕು.

ರಜೆಯ ದಿನ ಅವರ ಮನೆಗೆ ಹೋಗಿ ಕಲಿಯತೊಡಗಿದೆ. ನಾನು ಅವರನ್ನು ಮೇಷ್ಟ್ರೇ ಎಂದು ಕರೆದೆ. ಅವರು ನನ್ನನ್ನು ಮೇಡಂ ಎನ್ನದೆ ಅಮ್ಮಾ ಎಂದೇ ಕರೆದರು. ಬಿಸಿಲು ಎಷ್ಟಿದೆ ಎಂದು ಹೇಳುವ ಮೀಟರು ಅದರಲ್ಲಿಲ್ಲ, ನೆರಳಿನ ಅಂಚು ನೋಡಿ ಅಂದಾಜು ಮಾಡಬೇಕು. ಒಂದು ರೀಲಿಗೆ ಹನ್ನೆರಡೇ ಫೋಟೋ. ಒಂದು ತೆಗೆದ ಮೇಲೆ ಹಿಡಿ ತಿರುಗಿಸಿ ಫಿಲ್ಮು ಮುಂದಕ್ಕೆ ಎಳೆಯಬೇಕು. ನಾನು ಎದುರಿನವರನ್ನು ಚೌಕದ ನಡುವೆ ತರಲು ಬಲಕ್ಕೆ ಸರಿದರೆ ಅವರು ಇನ್ನೂ ಅಂಚಿಗೆ ಓಡುತ್ತಿದ್ದರು. "ಅದಿ ಕಾದಮ್ಮಾ! ಈ ಕಡೆ, ಈ ಕಡೆ!" ಎಂದು ಮೇಷ್ಟ್ರು ಹಣೆ ಚಚ್ಚಿಕೊಳ್ಳುತ್ತಿದ್ದರು. ಚಿಂತಾಮಣಿಯವರಿಗೆ ಕೋಪ ಬಂದರೆ ತೆಲುಗು ತಾನಾಗಿ ಬರುತ್ತದೆ.

ಮೊದಲು ರೀಲೇ ಹಾಕಬೇಡ ಎಂದು ಅವರ ಕಟ್ಟಪ್ಪಣೆ. "ಖಾಲಿ ಕ್ಯಾಮೆರಾ ಹಿಡ್ಕೊಂಡು ಒಬ್ರನ್ನ ಕೂರಿಸ್ಕೊಂಡು ಫೋಕಸ್ ಮಾಡೋದು ಕಲಿ. ಗೋಡೆ ಮುಂದೆ ಕಲಿತ್ರೆ ಆಗಲ್ಲ. ಮನುಷ್ಯರು ಅಲ್ಲಾಡ್ತಾರೆ."

ಕೂರುವವರು ಯಾರು? ನನ್ನ ಗಂಡ ಎರಡೇ ನಿಮಿಷಕ್ಕೆ ಫೋನ್ ಬಂತೆಂದು ಎದ್ದುಹೋದರು. ವಿದ್ಯಾರ್ಥಿನಿಯರು ತುಟಿ ಮುಂದೆ ಮಾಡಿ, ಎರಡು ಬೆರಳು ತೋರಿಸಿ, "ಮ್ಯಾಮ್, ಎಲ್ಲಿ ಫೋಟೋ?" ಎಂದು ಕೇಳಿದರು. ಉಳಿದವಳು ಅಕ್ಕ. ಆದರೆ ಅಕ್ಕನನ್ನು ಕ್ಯಾಮೆರಾ ಮುಂದೆ ಕೂರು ಎಂದು ಕೇಳುವುದು ಸುಲಭದ ಮಾತಾಗಿರಲಿಲ್ಲ.

ಅಕ್ಕ ಮೇಲೂರಿನಲ್ಲಿ ಇರುವವಳು. ಅವಳೂ ಭಾವನೂ ರೇಷ್ಮೆ ಹುಳು ಸಾಕುತ್ತಾರೆ. ಮಗಳು ಹೈಸ್ಕೂಲಿನಲ್ಲಿದ್ದಾಗ ಅಕ್ಕನ ತುಟಿಯ ಪಕ್ಕದಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಒಂದು ಕಣ್ಣಿನ ರೆಪ್ಪೆಗೆ, ಕುತ್ತಿಗೆಗೆ, ಎರಡೂ ಕೈಗಳ ಬೆರಳುಗಳಿಗೆ ಬಂತು. ಅಂಟುವುದಲ್ಲ, ನೋವಿಲ್ಲ, ಜೀವಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಊರಿನವರಿಗೆಲ್ಲ ಅದನ್ನೇ ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಮತ್ತು ಅವಳು ಕೊಟ್ಟ ಕಾಫಿಯನ್ನು ಈಗ ತಾನೇ ಕುಡಿದು ಬಂದೆವೆಂದು ಪಕ್ಕಕ್ಕಿಟ್ಟರು. ಅಕ್ಕ ಹೊರಗೆ ಹೊರಟರೆ ಬಾಯಿ ಮುಚ್ಚುವ ಹಾಗೆ ಸೆರಗು ಹೊದೆಯತೊಡಗಿದಳು, ಮದುವೆ ಮುಂಜಿಗಳಿಗೆ ಹೋಗುವುದನ್ನು ಕಡಿಮೆ ಮಾಡಿದಳು. ಹೋದರೂ ಫೋಟೋ ತೆಗೆಯುವ ಹೊತ್ತಿಗೆ ಅಡುಗೆ ಮನೆಯಲ್ಲಿ ಅವಳಿಗೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಎಷ್ಟೋ ವರ್ಷದಿಂದ ಅವಳದೊಂದು ಫೋಟೋ ನಮ್ಮ ಯಾರ ಬಳಿಯೂ ಇರಲಿಲ್ಲ.

ಆ ವರ್ಷವೇ ಅವಳ ಮಗಳ ಮದುವೆ ಗೊತ್ತಾಗಿತ್ತು. ಹುಡುಗಿಗೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಹುಡುಗನೂ ಅಲ್ಲೇ ಕೆಲಸ ಮಾಡುವವನು, ಮನೆ ಗೌರಿಬಿದನೂರು. ಅವರಿಬ್ಬರೇ ಮೆಚ್ಚಿಕೊಂಡು ಆಮೇಲೆ ಹಿರಿಯರಿಗೆ ಹೇಳಿದ್ದರು. ಎಲ್ಲ ಸುಸೂತ್ರವಾಗಿದ್ದಾಗ ಅಕ್ಕ ಒಂದು ದಿನ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ, ಮುಖ ಎತ್ತದೆ, "ಧಾರೇನ ನೀನೂ ನಿಮ್ಮ ಯಜಮಾನ್ರೂ ಎರೆದುಬಿಡ್ರಮ್ಮ. ನನಗೆ ಮಂಡಿ ನೋವು, ಅಷ್ಟು ಹೊತ್ತು ಆಗಲ್ಲ" ಎಂದಳು.

ದಿನವಿಡೀ ತೋಟದಲ್ಲಿ ಬಗ್ಗಿ ಎದ್ದು ಸೊಪ್ಪು ಕುಯ್ಯುವವಳಿಗೆ ಮಂಡಿ ನೋವು! ಧಾರೆಯ ಹೊತ್ತಿಗೆ ಛತ್ರದ ಕಣ್ಣೆಲ್ಲ ನೀರು ಹೊಯ್ಯುವ ಕೈಗಳ ಮೇಲಿರುತ್ತದೆ, ವಿಡಿಯೋದವನ ಲೈಟು ಅಲ್ಲೇ ಇರುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮಗಳು ನನಗೆ ಫೋನು ಮಾಡಿ ಅತ್ತಳು. "ಚಿಕ್ಕಮ್ಮಾ, ನಮ್ಮಮ್ಮ ಇದ್ದೂ ಇಲ್ಲದ ಹಾಗೆ ಬೇರೆಯವ್ರು ಎರೆಯೋದಾ? ನಾನೇನಂತ ಹೇಳ್ಲಿ ಅವ್ರ ಮನೇಲಿ?" ನನಗೂ ಅಳು ಬಂದಿತ್ತು.

ಇಂಥ ಹೊತ್ತಿನಲ್ಲಿ ಕ್ಯಾಮೆರಾ ತೂಗಿಕೊಂಡು ಮೇಲೂರಿಗೆ ಹೋದೆ.

"ನನ್ನನ್ನ ತೆಗೀಬೇಡ ಕಣೇ" ಎಂದಳು ಅಕ್ಕ, ನಾನು ಬಾಯಿ ತೆರೆಯುವ ಮೊದಲೇ.

"ರೀಲೇ ಇಲ್ಲಕ್ಕ. ಸುಮ್ನೆ ಫೋಕಸ್ ಕಲಿಯೋಕೆ. ನೋಡು ಬೇಕಾದ್ರೆ" ಎಂದು ಕ್ಯಾಮೆರಾದ ಹಿಂಬದಿಯ ಬಾಗಿಲು ಬಿಚ್ಚಿ ತೋರಿಸಿದೆ. ಅವಳು ಒಳಗೆ ಬೆರಳು ಹಾಕಿ ನೋಡಿ ಖಾತರಿ ಮಾಡಿಕೊಂಡಳು. ಆಮೇಲೆ ಚಪ್ಪರದ ಕೆಳಗೆ ಸೊಪ್ಪಿನ ಹೊರೆಯ ಪಕ್ಕದಲ್ಲಿ ಕೂತು ತನ್ನ ಪಾಡಿಗೆ ಕೆಲಸ ಮಾಡತೊಡಗಿದಳು. ನಾನು ತಲೆ ತಗ್ಗಿಸಿ ಗುಂಡಿ ತಿರುಗಿಸುತ್ತಾ ಅವಳ ರೆಪ್ಪೆ ಸ್ಪಷ್ಟವಾಗುವವರೆಗೆ ಹಿಂದೆ ಮುಂದೆ ಮಾಡಿದೆ.

ಪ್ರತಿ ಭಾನುವಾರವೂ ಇದೇ ಆಯಿತು. ಹೋದೊಡನೆ "ರೀಲ್ ಇಲ್ಲ ತಾನೇ?" ಎಂದು ಕೇಳುವಳು, ನಾನು ಬಾಗಿಲು ಬಿಚ್ಚಿ ತೋರಿಸುವೆನು. ಒಮ್ಮೆ ಅವಳೇ ಕೇಳಿದಳು:

"ಇದ್ರಲ್ಲಿ ನೀನು ನನ್ನ ಕಡೆ ನೋಡೋದೇ ಇಲ್ಲ ಅಲ್ವಾ?"

"ನೋಡ್ತೀನಕ್ಕ. ಗಾಜಲ್ಲಿ ಕಾಣುತ್ತೆ."

"ಗಾಜಲ್ಲಿ ಎಷ್ಟಾದ್ರೂ ನೋಡ್ಕೊಳ್ಳಮ್ಮ. ಜನ ನನ್ನ ಜೊತೆ ಮಾತಾಡ್ತಾ ಮಾತಾಡ್ತಾ ಬಾಯಿ ಹತ್ರ ನೋಡ್ಬಿಡ್ತಾರೆ. ನೋಡಿದ್ದು ಗೊತ್ತಾಯ್ತೇನೋ ಅಂತ ತಕ್ಷಣ ಬೇರೆ ಕಡೆ ನೋಡ್ತಾರೆ. ಬಾಯಿ ನೋಡಿದ್ರೆ ನೋಡ್ಲಿ. ಆ ಬೇರೆ ಕಡೆ ನೋಡೋದಿದೆಯಲ್ಲ, ಅದು ನನಗೆ ಆಗಲ್ಲ."

ಅವಳು ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಮುಖಾಮುಖಿ ನೋಡಿಕೊಂಡಿದ್ದರೆ ಆಗಲೂ ಹೇಳುತ್ತಿರಲಿಲ್ಲವೇನೋ. ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಎದ್ದು ಬಂದು ಕ್ಯಾಮೆರಾ ಇಸಿದುಕೊಂಡು ಒಳಗೆ ಬಗ್ಗಿ ನೋಡಿದಳು. ಭಾವ ಸೊಪ್ಪಿನ ಹೊರೆ ಹೊತ್ತು ಹುಳು ಮನೆಯ ಕಡೆ ಹೋಗುತ್ತಿದ್ದರು. "ಅಯ್ಯೋ, ಇವ್ರು ಆ ಕಡೆ ಹೋದ್ರೆ ಇದ್ರಲ್ಲಿ ಈ ಕಡೆ ಬರ್ತಾರಲ್ಲೇ!" ಎಂದು ನಕ್ಕಳು. ಭಾವನನ್ನು ಎರಡು ಸಲ ಹೊರೆ ಸಮೇತ ಹಿಂದಕ್ಕೂ ಮುಂದಕ್ಕೂ ನಡೆಸಿದಳು. ಪಾಪ, ಅವರು ತುಟಿಪಿಟಕ್ಕೆನ್ನದೆ ನಡೆದರು.

ಮೇಷ್ಟ್ರು ಕೊನೆಗೂ ಅಪ್ಪಣೆ ಕೊಟ್ಟರು. ಕಪ್ಪು ಬಿಳುಪಿನ ರೀಲೊಂದನ್ನು ತರಿಸಿ, ಅವರ ಎದುರಿಗೇ ಹಾಕಿಕೊಂಡು, ಮುಂದಿನ ಭಾನುವಾರ ಮೇಲೂರಿಗೆ ಹೋದೆ.

"ರೀಲ್ ಇಲ್ಲ ತಾನೇ?"

"ಇದೆಯಕ್ಕ ಇವತ್ತು. ನೀನು ಏಳು, ಭಾವನ್ನ ಕೂರಿಸ್ತೀನಿ."

ಅವಳು ಏಳಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಒಮ್ಮೆ ಕೊಡವಿ ಪಕ್ಕಕ್ಕಿಟ್ಟಳು. "ಒಂದು ತೆಗಿ. ಒಂದೇ" ಎಂದಳು. ಇಷ್ಟು ವಾರ ಕಲಿತದ್ದೆಲ್ಲ ಮರೆತ ಹಾಗಾಗಿ, ಹೇಗೋ ಗುಂಡಿ ತಿರುಗಿಸಿ ಒತ್ತಿದೆ. ನನ್ನ ಜೀವನದ ಮೊದಲ ಫಿಲ್ಮಿನ ಮೊದಲ ಫೋಟೋ ಅಕ್ಕನದು. ಆಮೇಲೆ ಭಾವನದು, ಕರುವಿನದು, ಅಕ್ಕನ ಮಗಳದು, ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳದು, ಎಂದರೆ ಬೇಲಿಗೆ ಒರಗಿಸಿ ಒಣಗಲು ಇಟ್ಟ ಚಂದ್ರಿಕೆಗಳದು, ಬೀರುವಿನ ಕನ್ನಡಿಯಲ್ಲಿ ಕಂಡ ನನ್ನದೇ ಒಂದು.

ಫಿಲ್ಮನ್ನು ನಾನೇ ತೊಳೆಯಬೇಕೆಂದು ಹಟ. ಕೆಮಿಸ್ಟ್ರಿ ಮೇಡಂ ಅಲ್ಲವೇ! ಅದನ್ನು ಡಬ್ಬಿಯೊಳಗಿನ ಸುರುಳಿಗೆ ಸುತ್ತುವಾಗ ಒಂದಿಷ್ಟೂ ಬೆಳಕು ಇರಬಾರದು. ನಮ್ಮ ಮನೆಯಲ್ಲಿ ಕಿಟಕಿ ಇಲ್ಲದ ಜಾಗ ದೇವರ ಕೋಣೆಯೊಂದೇ. ದೀಪ ಆರಿದ ಮೇಲೆ ದೇವರುಗಳ ಕ್ಷಮೆ ಕೇಳಿ, ಬಾಗಿಲ ಸಂದಿಗೆ ಬೆಡ್‌ಶೀಟು ತುರುಕಿ, ಕತ್ತಲಲ್ಲಿ ತಡವರಿಸಿ ಸುತ್ತಿದೆ. ಗಂಟೆಗೆ ಮೊಣಕೈ ತಾಗಿ ಒಂದು ಸಲ ಪೂಜೆಯೂ ಆಯಿತು. ಆಮೇಲೆ ಹೊರಗೆ ಬಂದು ಮೇಷ್ಟ್ರು ಹೇಳಿದ ಕ್ರಮದಲ್ಲಿ ಎರಡು ದ್ರಾವಣ ಹಾಕಿ ತೆಗೆದೆ. "ಕೊನೇಲಿ ಚೆನ್ನಾಗಿ ತೊಳೀಬೇಕಮ್ಮಾ, ಅದ್ರಲ್ಲಿ ಜಿಪುಣತನ ಮಾಡ್ಬೇಡ" ಎಂದಿದ್ದರು. ನಾನು ಮಾಡಲಿಲ್ಲ. ನಲ್ಲಿಯ ಕೆಳಗೆ ಹಿಡಿದು ಧಾರಾಳವಾಗಿ ತೊಳೆದು, ಬಟ್ಟೆ ತಂತಿಗೆ ಕ್ಲಿಪ್ಪು ಹಾಕಿ ಉದ್ದಕ್ಕೆ ಇಳಿಬಿಟ್ಟೆ. ಒಣಗಿದ ಮೇಲೆ ಅಲ್ಲಲ್ಲಿ ಮೋಡದಂಥ ಕಲೆ ಕಂಡಿತು. ನೆಗೆಟಿವ್ ಎಂದರೆ ಎಲ್ಲವೂ ಉಲ್ಟಾ, ಇದೂ ಹಾಗೇ ಏನೋ ಇರಬೇಕೆಂದು ಸಮಾಧಾನ ಮಾಡಿಕೊಂಡೆ.

ಮೇಷ್ಟ್ರು ತಮ್ಮಲ್ಲಿ ಉಳಿದಿದ್ದ ಹಳೆಯ ಪೇಪರಿನ ಮೇಲೆ ನೆಗೆಟಿವ್ ಇಟ್ಟು, ಮೇಲೊಂದು ಗಾಜು ಹೇರಿ, ಬಚ್ಚಲುಮನೆಯ ಕೆಂಪು ಬಲ್ಬಿನ ಬೆಳಕಿನಲ್ಲಿ ಪುಟ್ಟ ಪುಟ್ಟ ಚೌಕದ ಫೋಟೋ ಮಾಡಿಕೊಟ್ಟರು. ಟ್ರೇಯಲ್ಲಿ ಚಿತ್ರ ಮೂಡಿದ್ದೇ ಕೂಗಿದರು:

"ಏಮಮ್ಮಾ ಇದು! ಊರಿಗೆಲ್ಲಾ ಸುಣ್ಣ ಹೊಡ್ದಿದ್ದೀಯಾ?"

ನೋಡಿದೆ. ಭಾವನ ಬಾಯಿಯ ಸುತ್ತ ಬಿಳಿ ಮಚ್ಚೆ. ಮಗಳ ಗಲ್ಲದ ಮೇಲೊಂದು, ಹಣೆಯ ಮೇಲೊಂದು. ಕರುವಿನ ಬೆನ್ನ ಮೇಲೆ, ಚಂದ್ರಿಕೆಗಳ ಮೇಲೆ, ಕನ್ನಡಿಯಲ್ಲಿದ್ದ ನನ್ನ ಕುತ್ತಿಗೆಯ ಮೇಲೆ. ಎಲ್ಲರಿಗೂ.

"ಯಾವ ನೀರಲ್ಲಿ ತೊಳೆದೆ?"

"ಬೋರ್ ನೀರು, ಮೇಷ್ಟ್ರೇ."

"ಅಯ್ಯೋ ರಾಮ. ನಮ್ಮ ಕಾಲಕ್ಕೆ ಕೆರೆ ನೀರು, ಹಿಡಿದಿಟ್ಟ ಮಳೆ ನೀರು. ನನಗೆ ಬೋರ್ ನೀರಿನ ಯೋಚ್ನೇನೇ ಬರಲಿಲ್ಲ ನೋಡು" ಎಂದು ಅವರೇ ಪೇಚಾಡಿಕೊಂಡರು. ಆದರೆ ನನಗೆ ಬರಬೇಕಿತ್ತಲ್ಲ! ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸೆಂದರೆ ನಲ್ಲಿಯ ಮೂತಿಗೆ ಸುಣ್ಣ ಕಟ್ಟುತ್ತದೆ. ಅದನ್ನೇ ಕೆರೆದು ಪೊಟ್ಟಣ ಕಟ್ಟಿ ತರಗತಿಗೆ ಒಯ್ದು ನೀರಿನ ಗಡಸುತನದ ಪಾಠ ಮಾಡುವವಳು ನಾನು. ಕುಡಿಯಲು ಕ್ಯಾನಿನ ನೀರು ತರಿಸಿ, ಫಿಲ್ಮಿಗೆ ಮಾತ್ರ ಬೋರ್ ನೀರು ಹೊಯ್ದಿದ್ದೆ. ತೊಟ್ಟಿಕ್ಕಿದ ನೀರೆಲ್ಲ ಫಿಲ್ಮಿನ ಮೇಲೆ ಸುಣ್ಣ ಬಿಟ್ಟು ಹೋಗಿತ್ತು. ಇಳಿಬಿಟ್ಟ ಫಿಲ್ಮಿನ ಮೇಲ್ತುದಿಯಲ್ಲಿದ್ದ ಮೊದಲ ಫೋಟೋ, ಅಕ್ಕನದು, ಅದು ಒಂದರಿಂದ ಮಾತ್ರ ನೀರು ಬೇಗ ಇಳಿದು, ಕಲೆಯಿಲ್ಲದೆ ಉಳಿದಿತ್ತು.

ಫಿಲ್ಟರ್ ನೀರಿಗೆ ನಾಲ್ಕು ಹನಿ ವಿನೆಗರ್ ಹಾಕಿ ಮತ್ತೆ ತೊಳೆದರೆ ಸುಣ್ಣ ಬಿಡುತ್ತದೆ. ಅದು ದೊಡ್ಡ ವಿಷಯವಲ್ಲ. ಬಸ್ಸಿನಲ್ಲಿ ಕೂತು ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಇದನ್ನು ಅಕ್ಕ ನೋಡಿದರೆ ಏನೆಂದುಕೊಂಡಾಳು? ಅಣಕಿಸಿದ ಹಾಗೆ ಕಾಣುವುದಿಲ್ಲವೇ? ತೊಳೆದು ಸರಿಮಾಡುವವರೆಗೆ ತೋರಿಸಬಾರದೆಂದು ಲಕೋಟೆಯನ್ನು ಬ್ಯಾಗಿನ ತಳಕ್ಕೆ ಹಾಕಿದೆ.

ಭಾನುವಾರ ಅಕ್ಕ ನೇರವಾಗಿ ಕೈ ಚಾಚಿದಳು. "ಎಲ್ಲಿ, ಕೊಡು."

"ಸರಿಯಾಗಿ ಬಂದಿಲ್ಲಕ್ಕ, ಇನ್ನೊಂದ್ಸಲ ತೊಳೀಬೇಕು."

"ನಂದು ಕೆಟ್ಟದಾಗಿ ಬಂದಿದೆ ಅಂತ ಹಾಗೆ ಹೇಳ್ತಿದ್ದೀಯಾ?"

ಈ ಮಾತಿನ ಮೇಲೆ ಬಚ್ಚಿಡಲಾಗಲಿಲ್ಲ. ಲಕೋಟೆ ಕೊಟ್ಟೆ. ನೀರಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಅಕ್ಕ ಒಂದೊಂದನ್ನೇ ತೆಗೆದು ಚಪ್ಪಡಿಯ ಮೇಲೆ ಸಾಲಾಗಿ ಇಟ್ಟಳು. ಭಾವ ಭುಜದ ಮೇಲಿಂದ ಬಗ್ಗಿ ತಮ್ಮ ಫೋಟೋ ನೋಡಿ, ಯೋಚಿಸದೆ, "ಥೂ, ಈ ಮುಖ ಇಟ್ಕೊಂಡು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೇಗೆ ಹೋಗ್ಲಿ?" ಎಂದುಬಿಟ್ಟರು. ಅಂದ ಮೇಲೆ ಅವರಿಗೆ ಅರಿವಾಗಿ ಮುಖ ಕಪ್ಪಿಟ್ಟಿತು.

ಅಕ್ಕ ಅವರನ್ನೇ ನೋಡಿದಳು. "ಸೆರಗು ಹೊದ್ಕೊಂಡು ಹೋಗಿ" ಎಂದಳು.

ಆಮೇಲೆ ಅಕ್ಕನೇ ಮೊದಲು ನಕ್ಕಳು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಾನೂ ನಕ್ಕೆ, ಭಾವನೂ ಹೆದರಿ ಹೆದರಿ ನಕ್ಕರು. ಕರುವಿನ ಫೋಟೋ ಎತ್ತಿ, "ಇದಕ್ಕೂ ಬಂತಲ್ಲೇ ಪಾಪ, ಇನ್ನು ಇದಕ್ಕೆ ಗಂಡು ಸಿಕ್ಕಿದ ಹಾಗೇ" ಎಂದು ಇನ್ನಷ್ಟು ನಕ್ಕಳು. ಎಷ್ಟು ವರ್ಷ ಯಾರೂ ಬಾಯಿಬಿಟ್ಟು ಆಡದಿದ್ದ ಮಾತನ್ನು ಅವಳು ಹೀಗೆ ಕರುವಿನ ತಲೆಗೆ ಕಟ್ಟಿ ಆಡಿಬಿಟ್ಟಳು.

ಕೊನೆಗೆ ತನ್ನದನ್ನು ಎತ್ತಿಕೊಂಡಳು. ನಗು ನಿಂತಿತು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದೊಂದಕ್ಕೆ ನೀರಿನ ಕಲೆ ಆಗಿಲ್ಲ ಅಲ್ವಾ?"

"ಆಗಿಲ್ಲ."

"ಹಾಗಾದ್ರೆ ಇಲ್ಲಿರೋದೆಲ್ಲಾ ನಂದೇ."

"ಹೂಂ ಅಕ್ಕ."

"ಇಷ್ಟೇನಾ?" ಎಂದಳು. "ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ. ಕನ್ನಡೀಲಿ ಬರೀ ಅದೊಂದೇ ಕಾಣುತ್ತೆ ಕಣೇ. ಇದ್ರಲ್ಲಿ ಸೊಪ್ಪೂ ಇದೆ, ಚಪ್ಪರಾನೂ ಇದೆ, ನಾನೂ ಇದ್ದೀನಿ."

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಮತ್ತೆ ಧಾರೆ ನೀನೇ ಎರಿ! ಅವಳಿಗೆ ತಾಯಿ ನೀನೋ ನಾನೋ?" ಎಂದು ಜೋರು ಮಾಡಿದೆ. ಅಕ್ಕ ಫೋಟೋಗಳನ್ನು ಲಕೋಟೆಗೆ ತುಂಬಿದಳು. "ಮಂಡಿ ನೋವು ಅಂದ್ನಲ್ಲ" ಎಂದು ಎದ್ದು, ಕೈಕಾಲು ತೊಳೆದುಕೊಂಡು ಹುಳು ಮನೆಯೊಳಗೆ ಹೋದಳು. ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆಯ ಕೈ ಇಟ್ಟುಕೊಂಡು ನಾನು ಅದರೊಳಗೆ ಕಾಲಿಡುವಂತಿಲ್ಲ. ವಾಸನೆ ಹುಳುವಿಗೆ ಆಗುವುದಿಲ್ಲ. ಹೊರಗೆ ನಿಂತು ಬಾಗಿಲ ಜಾಲರಿಗೆ ಬೈದು, ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ಇಷ್ಟು ಹತ್ತಿರ ಬಂದದ್ದನ್ನು ನಾನೇ ಕೆಡಿಸಿದೆನೆಂದು ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಉರಿಯಿತು.

ಆಮೇಲೆ ಆ ಮಾತು ಎತ್ತಲಿಲ್ಲ. ಫಿಲ್ಮನ್ನು ವಿನೆಗರ್ ನೀರಿನಲ್ಲಿ ತೊಳೆದೆ, ಎಲ್ಲರ ಮಚ್ಚೆಯೂ ಹೋಯಿತು. ಧಾರೆಗೆ ನನಗೂ ನನ್ನ ಗಂಡನಿಗೂ ಎಂದು ಭಾವ ಬಟ್ಟೆ ತೆಗೆದದ್ದೂ ಆಯಿತು. ಲಗ್ನ ಹತ್ತಿರವಾದಾಗ ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅಕ್ಕನ ಫೋನು ಬಂತು.

"ಮದುವೆಗೆ ಆ ಕ್ಯಾಮೆರಾ ತರ್ತೀಯಾ?"

"ತರ್ತೀನಿ."

"ನೀನು ಧಾರೆ ಎರೆಯೋಕೆ ನಿಂತ್ರೆ ಅದನ್ನ ಯಾರು ಹಿಡೀತಾರೆ?"

ನಾನು ಬ್ಯಾಗನ್ನು ಕೆಳಗಿಟ್ಟೆ.

"ನಿನ್ನ ಬಿಟ್ರೆ ಅದು ಯಾರಿಗೂ ಬರಲ್ಲ" ಎಂದಳು ಅಕ್ಕ. "ಅದಕ್ಕೇ, ನಾವೇ ಎರೀತೀವಿ ಬಿಡು. ನೀನು ಫೋಟೋ ತೆಗಿ. ಈ ಸಲ ಒಳ್ಳೆ ನೀರಲ್ಲಿ ತೊಳಿಯಮ್ಮ." ನಾನು ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡು ನಿಂತು ಅತ್ತೆ. ಮೊದಲನೆಯ ತರಗತಿ ತಪ್ಪಿಹೋಯಿತು.

ಶಿಡ್ಲಘಟ್ಟದ ಛತ್ರದಲ್ಲಿ ಮದುವೆ. ವಿಡಿಯೋದ ಹುಡುಗರು ಮಂಟಪದ ಸುತ್ತ ಲೈಟು ಹಿಡಿದು ಮುತ್ತಿಕೊಂಡಿದ್ದರು. ಅವರ ಸಂದಿಯಲ್ಲಿ ನುಗ್ಗಿ, ಒಂದು ಕಡೆ ಕಾಲೂರಿ, ಮುಚ್ಚಳ ತೆರೆದು ತಲೆ ತಗ್ಗಿಸಿದೆ. ಗಾಜಿನಲ್ಲಿ ಎಡಬಲ ಅದಲುಬದಲಾಗಿ ಹುಡುಗ, ಹುಡುಗಿ, ಅವರ ಕೈಯಲ್ಲಿ ತೆಂಗಿನಕಾಯಿ, ಭಾವ, ಅಕ್ಕ. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಚೆಂಬು ಹಿಡಿದ ಅವಳ ಬಿಳಿಬಿಳಿ ಬೆರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪುರೋಹಿತರು ಹೂಂ ಎಂದರು. ನೀರು ಇಳಿಯಿತು.

"ಅಮ್ಮಾ, ಇಲ್ಲಿ ನೋಡಿ! ಅಮ್ಮಾ, ಈ ಕಡೆ!" ಎಂದು ಹುಡುಗರು ಕೂಗಿದರು. ಅಕ್ಕ ಅವರ ಯಾರ ಕಡೆಗೂ ತಿರುಗಲಿಲ್ಲ. ಅವಳು ಹುಡುಕಿದ್ದು ನನ್ನ ಪೆಟ್ಟಿಗೆಯ ಕೆಳಗಿನ ಕಣ್ಣನ್ನು. ನಾನು ತಲೆ ತಗ್ಗಿಸಿಯೇ ಇದ್ದೆ. ಅಕ್ಕ ತಲೆ ಎತ್ತಿದಳು. ಒತ್ತಿದೆ.